ಬೆಚ್ಚನೆಯ ನೆಲ

"ಅತ್ತೆ, ಅದನ್ನ ಹೆಚ್ಚಬೇಡಿ. ಪೇರ್ ಹಣ್ಣು ಕಂಡ್ರೆ ಆ ಸಾಹೇಬ್ರು ಏನಂದ್ಕೊಂಡಾರು?" ಎಂದು ಸೊಸೆ ಹ್ಯೆಸುಕ್ ಪಿಸುಗುಟ್ಟಿದಳು.

"ಮನೆಗೆ ಬಂದೋರನ್ನ ಬಾಯೊಣಗಿಸಿ ಕಳಿಸೋಕೆ ನಾವೇನು ದಿಕ್ಕಿಲ್ಲದೋರಾ?" ಎಂದ ಮಾಲ್‌ಸುನ್, ಎದುರು ಮನೆಯ ಓಕ್ಬುನ್‌ಳಿಂದ ಕೇಳಿ ತಂದ ಹಣ್ಣನ್ನು ಹೋಳು ಮಾಡಿಯೇ ತೀರಿದಳು. ರಾತ್ರಿಗೆಂದು ಎತ್ತಿಟ್ಟಿದ್ದ ಕಲ್ಲಿದ್ದಲ ಬಿಲ್ಲೆಯನ್ನೂ ಬೆಳಿಗ್ಗೆಯೇ ಒಲೆಗೆ ಹಾಕಿದ್ದಳು. ಒಲೆಯ ಶಾಖ ಅಡಿಯಲ್ಲಿ ಹರಿದು ಮನೆಯ ನೆಲ ಹಿತವಾಗಿ ಕಾದಿತ್ತು.

ಬೂಸಾನಿನ ಶೂ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದ ಚಳಿಗಾಲ ಅದು. ಕೆಲಸ ಹುಡುಕಿಕೊಂಡು ರಾಜಧಾನಿ ಸೋಲ್‌ಗೆ ಹೋದ ಮಗನ ಸುದ್ದಿಯಿರಲಿಲ್ಲ. ಸರ್ಕಾರ ಕೊಡುವ ಬೀದಿ ಗುಡಿಸುವ ಕೆಲಸವಾದರೂ ಸೊಸೆಗೆ ಸಿಕ್ಕರೆ ಅವಳು ಮನೆಯಲ್ಲೇ ಉಳಿಯಬಹುದಿತ್ತು. ಸಿಗದಿದ್ದರೆ ತನ್ನ ಪುಟ್ಟ ಮಗಳು ಬೋರಮ್‌ಳನ್ನು ಬಿಟ್ಟು ದೇಗು ಊರಿನ ಹೋಟೆಲಿಗೆ ಹೋಗಿ, ಪಾತ್ರೆ ತೊಳೆದು ಅಲ್ಲೇ ಮಲಗಬೇಕು. ಯಾರಿಗೆ ಕೊಡಬೇಕೆಂದು ನೋಡಲು ಕಚೇರಿಯ ಸಾಹೇಬ ಇಂದು ಮನೆಮನೆಗೆ ಬರುವವನಿದ್ದ.

ಬಂದವನು ಒಳ್ಳೆಯ ಮನುಷ್ಯ. ಅಂಗಾಲನ್ನು ಬೆಚ್ಚನೆಯ ನೆಲಕ್ಕೆ ಒತ್ತಿ ಹಾಯೆಂದು ಉಸಿರುಬಿಟ್ಟ.

"ಈ ಸಲ ಬಜೆಟ್ಟೇ ಅರ್ಧ ಅಜ್ಜಿ. ಕಷ್ಟದಲ್ಲಿರೋರು ದುಪ್ಪಟ್ಟಾಗಿದ್ದಾರೆ, ಸರ್ಕಾರ ಕೊಡೋದು ಮಾತ್ರ ಅರ್ಧ. ತೀರಾ ಹಸಿದೋರಿಗೆ ಮೊದ್ಲು ಕೊಡಿ ಅಂತ ಮೇಲಿಂದ ಹೇಳಿದ್ದಾರೆ. ಬೆಳಿಗ್ಗೆ ಊಟ ಆಯ್ತಾ?"

ಜೀವಮಾನವಿಡೀ ಆ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವಳು ಮಾಲ್‌ಸುನ್. ಯುದ್ಧದ ವರ್ಷ ಹುಲ್ಲಿನ ಬೇರು ಬೇಯಿಸಿ ತಿಂದಾಗಲೂ ಅದನ್ನೇ ಹೇಳಿದ್ದಳು.

"ಆಯ್ತಪ್ಪ, ಹೊಟ್ಟೆ ತುಂಬ ಉಂಡ್ವಿ. ನೀನು ಹಣ್ಣು ತಗೋ, ನಾಚ್ಕೋಬೇಡ."

ಹ್ಯೆಸುಕ್ ತಲೆ ತಗ್ಗಿಸಿದಳು. ಹೊರಗಿನವರ ಮುಂದೆ ಅತ್ತೆಗೆ ಎದುರಾಡುವ ಸೊಸೆಯಲ್ಲ ಅವಳು. ಬೋರಮ್ ಮಾತ್ರ ತಟ್ಟೆಯ ಮೇಲಿಟ್ಟ ಕಣ್ಣು ಕೀಳಲಿಲ್ಲ.

"ನಿಮ್ಮನೆ ಬೆಚ್ಚಗಿದೆ ಅಜ್ಜಿ, ಪುಣ್ಯ ಮಾಡಿದ್ದೀರಿ. ಕೆಳಗಿನ ಓಣೀಲಿ ಮನೆಯೊಳಗೂ ಕಾಲಿಡೋಕಾಗಲ್ಲ, ಹಂಗೆ ಕೊರೀತದೆ" ಎಂದು ಹೊಗಳಿಯೇ ಅವನು ಹೋದ. ಮಾಲ್‌ಸುನ್ ಬೀಗಿದಳು.

ಕೆಲಸ ಕೆಳಗಿನ ಓಣಿಗೆ ಹೋಯಿತು.

ಹೊರಟ ದಿನ ಹ್ಯೆಸುಕ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಬೋರಮ್ ರಾತ್ರಿ ಹೊದಿಕೆ ಒದೀತಾಳೆ, ನೋಡ್ಕೊಳ್ಳಿ ಅತ್ತೆ" ಎಂದಷ್ಟೇ ಹೇಳಿ ಬಟ್ಟೆಗಂಟು ಎತ್ತಿಕೊಂಡಳು. ಹಾಳು ಬಾಯಿ, ಹಾಳು ಮರ್ಯಾದೆ ಎಂದು ಮುದುಕಿ ತನ್ನನ್ನೇ ಶಪಿಸಿಕೊಂಡಳು. ಒಂದೇ ಒಂದು ಸಲ ಇಲ್ಲ ಎಂದಿದ್ದರೆ ತನ್ನ ಗಂಟೇನು ಹೋಗುತ್ತಿತ್ತು?

ಬಸ್ಸು ಇಳಿಜಾರಿನಲ್ಲಿ ಮರೆಯಾದ ಮೇಲೂ ಬೋರಮ್ ಬಾಗಿಲಿನಿಂದ ಕದಲಲಿಲ್ಲ. ಎದುರು ಮನೆಯ ಓಕ್ಬುನ್ ಗೋಡೆಯ ಮೇಲಿಂದ ಇಣುಕಿದಳು.

"ಏನಕ್ಕಾ, ಊಟ ಆಯ್ತಾ?"

ಒಲೆ ಹಚ್ಚಿರಲಿಲ್ಲ. ಮಾಲ್‌ಸುನ್ ಮೊಮ್ಮಗಳ ತಣ್ಣನೆಯ ಕೈಯನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡಳು.

"ಆಯ್ತು ಕಣೇ" ಎಂದಳು.