ಈಗ ನೀವು ಹೇಳಿ

ಗಂಡನ ಹೆಣದ ತಲೆಯಡಿಯ ದಿಂಬು ಸರಿಪಡಿಸುತ್ತಿದ್ದಾಗ ಹೇಮಾಳ ಕೈಯಲ್ಲಿದ್ದ ಅವನ ಫೋನು ಮತ್ತೆ ನಡುಗಿತು. ಬೆಳಗಿನಿಂದ ಇದೇ ಗೋಳು. ಅವನು ಬದುಕಿದ್ದಾಗ ವಾರಗಟ್ಟಲೆ ಸುಮ್ಮನಿರುತ್ತಿದ್ದ ಫೋನಿಗೆ ಇವತ್ತು ಬಿಡುವೇ ಇಲ್ಲ.

"ಯಾರವಾ?" ಅತ್ತೆ ಚೌಡವ್ವ ಮಗನ ಕಾಲ ಬಳಿಯಿಂದ ಕೇಳಿದಳು.

"ಯುನಿವರ್ಸಿಟಿಯವ್ರು, ಅತ್ತಿ."

"ಈಗ ನೆನಪಾದ್ನೇನ ಅವ್ರಿಗೆ?"

ಅಂಗಳದಲ್ಲಿ ಮೈದುನ ಹುಲಗೇಶ ಚಟ್ಟ ಕಟ್ಟುತ್ತಿದ್ದ. ಓಣಿಯ ತುದಿಯಲ್ಲಿ ಕಾರು ನಿಂತು, ಕನ್ನಡ ವಿಭಾಗದ ಮುಖ್ಯಸ್ಥ ರುದ್ರೇಶ ಸರ್ ದೊಡ್ಡ ಹಾರ ಹಿಡಿದು ಇಳಿದರು. ಹಾರವನ್ನು ದುರ್ಗೇಶನ ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ ನಿಂತರು. ಕಣ್ಣು ತೆರೆದವರೇ ಹೇಮಾಳ ಕೈಯ ಫೋನು ನೋಡಿದರು.

"ಹೇಮಾ ಅವರ, ಇಂಥಾ ಹೊತ್ತಿನ್ಯಾಗ ಕೇಳಬಾರ್ದು..."

"ಕೇಳ್ರಿ ಸರ."

"ಆ ಪಾಠದ ಖಾತೆ ಇನ್ನೂ ದುರ್ಗೇಶನ ನಂಬರಿನ್ಯಾಗ ಐತಿ. ಲಾಕ್ ಆಗೇತಿ. ಈ ಫೋನಿಗೆ ಓಟಿಪಿ ಬಂದಿರತೈತ್ರಿ. ನಾಳೆ ಹುಡುಗ್ರ ಪರೀಕ್ಷೆ."

*

ದುರ್ಗೇಶ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕನಾಗಿದ್ದ. ಪಾಠಗಳನ್ನೆಲ್ಲ ಜಾಲತಾಣಕ್ಕೆ ಏರಿಸುವ ಹುಚ್ಚು ಅವನಿಗೆ ಹಿಡಿಯಿತು. ಹಿರೇಕೆರೂರಿನ ಸಂತೆಯ ವಿಡಿಯೊ ತೆಗೆದ. ಮಾತು ಮುದ್ರಿಸಲು ಅಬಲೂರಿನ ಈ ಮನೆಯ ಕಿಟಕಿಗೆ ಕೌದಿ ಕಟ್ಟಿ, ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ, ತಾಯಿಯನ್ನೇ ಕಾಯಿಪಲ್ಯ ಮಾರುವವಳನ್ನಾಗಿ ಕೂರಿಸಿದ. "ಈಗ ನೀವು ಹೇಳಿ" ಎಂದು ಹೇಳಿ, ಕಲಿಯುವವರು ಮಾತಾಡಲೆಂದು ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದ. ಚೌಡವ್ವ ಅಲ್ಲೂ ಬಾಯಿ ಹಾಕುತ್ತಿದ್ದಳು.

"ಸುಮ್ನಿರಬೇ. ಅದು ಹುಡುಗ್ರು ಹೇಳೂ ಜಾಗ."

"ನೀ ಕೇಳತಿ, ನಾ ಹೆಂಗ ಸುಮ್ನ ಕುಂಡರ್ಲಿ?"

ಹೇಮಾ ನಕ್ಕು ನಕ್ಕು ಹೊರಗೆ ಓಡಿದ್ದಳು.

ಪಾಠಗಳು ಮುಗಿದವು, ಮರುವರ್ಷ ದುರ್ಗೇಶನೇ ಬೇಡವಾದ. "ಪಾಠ ಎಲ್ಲಾ ಜಾಲತಾಣದಾಗ ಅದಾವಲ್ಲಪಾ" ಎಂದರು ರುದ್ರೇಶ ಸರ್. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಕೂತ ಕೊಂಬೆಯನ್ನು ಪಾಪ ಕೈಯಾರೆ ಕಡಿದುಕೊಂಡಿದ್ದ. ಪಾಠದ ಕೊನೆಯಲ್ಲಿ ಬರುತ್ತಿದ್ದ ಅವನ ಹೆಸರನ್ನೂ ತೆಗೆದು ವಿಭಾಗದ ಹೆಸರು ಹಾಕಿದರು. ಅವನು ಗೋವಿನಜೋಳದ ಅಂಗಡಿಯಲ್ಲಿ ತೂಕದ ಚೀಟಿ ಬರೆಯಲು ನಿಂತ. ಆದರೂ ಅವರು ಫೋನು ಮಾಡಿದಾಗಲೆಲ್ಲ ಓಟಿಪಿ ಓದಿ ಹೇಳುತ್ತಿದ್ದ.

"ನಿಮಗ ನಾಚಿಕಿ ಇಲ್ಲೇನ್ರಿ?" ಹೇಮಾ ಬೈಯುತ್ತಿದ್ದಳು.

"ಕಲ್ಯಾಕ ಬಂದ ಹುಡುಗ್ರು ಏನ್ ಮಾಡ್ಯಾವ?" ಎನ್ನುತ್ತಿದ್ದ.

ನಿನ್ನೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ.

*

"ಅವರ ಹೆಸರ ಹಾಕ್ರಿ, ಹೇಳ್ತೇನಿ" ಎಂದಳು ಹೇಮಾ. "ನನ್ನ ಮಗಳು ಸಾಲ್ಯಾಗ ಇದು ನಮ್ಮಪ್ಪನ ಪಾಠ ಅಂದ್ರ, ಹುಡುಗ್ರು ಸುಳ್ಳಿ ಅಂತ ನಗ್ತಾವು."

"ಹಾಕಸೋಣ್ರಿ."

"ಈಗ ಹಾಕ್ರಿ."

"ಖಾತೆ ತೆರೀಬೇಕಲ್ರಿ ಮೊದಲ. ಅದು ತೆರೀಲಿಲ್ಲಂದ್ರ ಹೆಸರ ಎಲ್ಲಿ ಹಾಕೂದು? ಸಂಜಿಕ ಹಾಕಸ್ತೇನಿ. ಅವನ ಆಣೆ."

ಹೆಣದ ಮುಂದೆ ನಿಂತು ಇಟ್ಟ ಆಣೆ. ಅದನ್ನೂ ನಂಬದಿದ್ದರೆ ಇನ್ನೇನು ನಂಬಬೇಕು? ಹೇಮಾ ಅಂಕಿಗಳನ್ನು ಒಂದೊಂದಾಗಿ ಓದಿದಳು. ಗಂಡ ಓದುತ್ತಿದ್ದ ಹಾಗೆಯೇ, ನಿಧಾನವಾಗಿ.

ರುದ್ರೇಶ ಸರ್ ತಮ್ಮ ಫೋನಿನಲ್ಲಿ ಖಾತೆ ತೆರೆದು, ಒಂದು ಪಾಠ ಒತ್ತಿ ನೋಡಿದರು. ಸಂತೆಯ ಗದ್ದಲ ಕೇಳಿತು. ಅದರ ಹಿಂದೆಯೇ ದುರ್ಗೇಶನ ದನಿ.

"ಬದನಿಕಾಯಿ ಹೆಂಗದಾವಬೇ?"

"ತಾಜಾ ಅದಾವು, ಒಯ್ಯಪಾ" ಎಂದಿತು ಚೌಡವ್ವನ ಹಳೆಯ ದನಿ.

"ಈಗ ನೀವು ಹೇಳಿ."

ಫೋನು ಸುಮ್ಮನಾಯಿತು. ಚೌಡವ್ವ ಮಗನ ಮುಖದತ್ತ ಬಾಗಿದಳು.

"ತಾಜಾ ಅದಾವು... ಒಯ್ಯಪಾ."

"ಭೇಷ್. ಇನ್ನೊಮ್ಮೆ ಹೇಳಿ" ಎಂದಿತು ಫೋನಿನೊಳಗಿನ ದುರ್ಗೇಶನ ದನಿ.

ರುದ್ರೇಶ ಸರ್ ಗಡಬಡಿಸಿ ಅದನ್ನು ನಿಲ್ಲಿಸಿದರು. "ಬರ್ತೇನ್ರಿ, ಪರೀಕ್ಷೆ ಕೆಲಸ" ಎಂದು ಕೈಮುಗಿದು ಹೊರಟರು. ಹೆಣ ಎತ್ತುವವರೆಗೂ ನಿಲ್ಲಲಿಲ್ಲ.

ಹುಲಗೇಶ ಮತ್ತು ಓಣಿಯವರು ಚಟ್ಟಕ್ಕೆ ಹೆಗಲು ಕೊಟ್ಟಾಗ ಫೋನು ಮತ್ತೆ ನಡುಗಿತು. ಹೇಮಾ ಓದಿದಳು: "ಈ ಖಾತೆಯಿಂದ ನಿಮ್ಮ ಮೊಬೈಲ್ ಸಂಖ್ಯೆಯನ್ನು ತೆಗೆದುಹಾಕಲಾಗಿದೆ."

"ಮತ್ತ ಅವ್ರೇನ? ಅವನ್ನ ಕೇಳಾಕತ್ತಾರೇನು?" ಎಂದಳು ಚೌಡವ್ವ.

"ಇಲ್ಲತ್ತಿ. ಇನ್ನ ಕೇಳಂಗಿಲ್ಲ."

ಹೇಮಾ ಫೋನು ಆರಿಸಿ, ಅವನ ತಲೆಯ ತಗ್ಗು ಇನ್ನೂ ಉಳಿದಿದ್ದ ದಿಂಬಿನ ಮೇಲೆ ಇಟ್ಟಳು.