ಚೌಕಟ್ಟಿಗೆ ಯಾವ ಬಿಳಿ

"ನಡುವಿನದು ತುಸು ನೀಲಿ ಹೊಡೀತದರಿ," ಎಂದ ಬಣ್ಣದ ದಸ್ತಗೀರಸಾಬ.

ಖೋಲಿಯ ಬಾಗಿಲ ಚೌಕಟ್ಟಿನ ಮೇಲೆ ಗೇಣುದ್ದದ ಮೂರು ಪಟ್ಟಿಗಳಿದ್ದವು. ಒಂದು ವಿಲಾಯತಿ ಡಬ್ಬಿಯದು, ನಡುವಿನದಕ್ಕೆ ಆತನೇ ನೀಲಿಯ ಹನಿ ಬೆರೆಸಿದ್ದ, ಕೊನೆಯದು ಮುಂಬಯಿಯ ಸ್ವದೇಶಿ. ಮೂರೂ ಬಿಳಿ. ಗೋಡೆಗೆ ಕೆನೆಬಣ್ಣ ಬಳಿದು ಎರಡು ದಿನವಾಗಿತ್ತು. ಅದಕ್ಕೆ ಒಪ್ಪುವ ಬಿಳಿ ಯಾವುದೆಂದು ಬಿಂದುಮಾಧವ ಬೆಳಗಿನಿಂದ ನೋಡುತ್ತಲೇ ಇದ್ದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಇಷ್ಟೂ ಬಗೆಹರಿಯಲಿಲ್ಲ.

"ನಿಮಗ ಯಾವದು ಛಲೋ ಕಾಣಸ್ತದ?"

"ಮನಿ ನಿಮ್ದರಿ. ನೀವ ಹೇಳಬೇಕು."

ಬೆಳಗಾವಿಯ ತವರಿನಿಂದ ಹೆಂಡತಿ ರಜನಿ ಬರೆದದ್ದೂ ಇದನ್ನೇ. ನಮ್ಮ ಖೋಲಿಯ ಬಣ್ಣವನ್ನು ನೀವೇ ಆರಿಸಿ, ಯಾರನ್ನೂ ಕೇಳಬೇಡಿ. ಅಷ್ಟು ಮಾಡಿದ್ದರೆ ಇರುತ್ತೇನೆ, ಇಲ್ಲವಾದರೆ ಅಣ್ಣನೊಂದಿಗೆ ಹಿಂದಿರುಗುತ್ತೇನೆ. ಸಂಜೆಯ ಗಾಡಿಗೆ ಬರುವವಳಿದ್ದಳು.

ಅವಳು ಹೆರಿಗೆಗೆ ಹೋಗಿ ಒಂದೂವರೆ ವರ್ಷ. ಮಗು ಹನ್ನೊಂದು ದಿನ ಬದುಕಿತ್ತು. ಅದಕ್ಕೆ ಜಡ್ಡೆಂದು ತಂತಿ ಬಂದಾಗ ತಾಯಿ ಅಂಬಾಬಾಯಿ, "ಅಮಾಸಿ ಕಳೀಲಿ, ಆಮ್ಯಾಲ ಹೋಗೀಯಂತ," ಎಂದಿದ್ದಳು. ಅವನು ಕಾದ. ತಾಯಿ ಹೇಳಿದ್ದಕ್ಕೆ ಕಾದೆ ಎಂದುಕೊಂಡರೆ ಈಗಲೂ ಹಾಯೆನಿಸುತ್ತಿತ್ತು. ಹಾಗೆ ಹಾಯೆನಿಸುವುದೇ ಅವನಿಗೆ ಹೇಸಿಗೆ.

ಮಧ್ಯಾಹ್ನ ಬಣ್ಣದೊಳಗಿನ ಅಗಸೆ ಎಣ್ಣೆಯ ವಾಸನೆಗೆ ಕಣ್ಣು ಜಗ್ಗಿ ಜೊಂಪು ಹತ್ತಿತು. ಗೋಡೆ ಕರಗಿ, ಬರಿಯ ಚೌಕಟ್ಟು ಗಾಳಿಯಲ್ಲಿ ನಿಂತಿತು. ಅದರಾಚೆ ಯಾರೋ ಬಟ್ಟೆ ಮಡಚುತ್ತಿದ್ದರು. ಮಗುವನ್ನು ಸುತ್ತಿದ ಬಟ್ಟೆ ಯಾವ ಬಿಳಿ? ಅವನು ನೋಡಿರಲಿಲ್ಲ. ಮಗುವನ್ನೂ ನೋಡಿರಲಿಲ್ಲ.

"ನೀಲಿ ಹಾಕಿದ್ದು ಹಚ್ಚಸು," ಅಂಬಾಬಾಯಿ ಬಂದು ನಿಂತಿದ್ದಳು. "ನನ್ನ ತವರಮನ್ಯಾಗ ಅದೇ ಇತ್ತು."

"ಹೂಂ."

ಅದನ್ನೇ ಆರಿಸಬೇಕೆಂದು ನಾನೂ ಈಗಷ್ಟೇ ಅಂದುಕೊಂಡಿದ್ದೆ. ಅಂದುಕೊಂಡಿದ್ದೆನೇ? ಇನ್ನು ಅದನ್ನು ಹಚ್ಚಿಸಿದರೆ ತಾಯಿಯ ಆಯ್ಕೆ. ಬೇರೆಯದಾದರೆ ತಾಯಿಯದಲ್ಲ ಎಂಬಷ್ಟಕ್ಕೇ ಆರಿಸಿದ್ದು. ಅವನಿಗೆ ಒಳಗೊಳಗೇ ನಗು ಬಂತು.

ಗಾಡಿಯ ಹೊತ್ತಾಯಿತು. ಅವನು ಚಪ್ಪಲಿ ಮೆಟ್ಟುವಾಗ ದಸ್ತಗೀರಸಾಬ ಕುಂಚ ಹಿಡಿದೇ ಕೇಳಿದ, "ಯಾವದು ಹಚ್ಚಲಿರಿ?"

"ನಡುವಿನದು... ಬ್ಯಾಡ. ನೀವ ನೋಡಿ ಹಚ್ಚರಿ."

ಸ್ಟೇಶನ್ನಿನಿಂದ ರಜನಿಯೊಂದಿಗೆ ಹಿಂದಿರುಗಿದಾಗ ಚೌಕಟ್ಟು ಹಸಿಹಸಿಯಾಗಿ ಹೊಳೆಯುತ್ತಿತ್ತು. ದಸ್ತಗೀರಸಾಬ ಹೋಗಿದ್ದ. ಪಟ್ಟಿಗಳು ಮುಚ್ಚಿಹೋಗಿದ್ದವು. ರಜನಿಯ ಅಣ್ಣ ಒಳಗೆ ಬರಲಿಲ್ಲ. ಟ್ರಂಕನ್ನು ಟಾಂಗಾದಿಂದ ಇಳಿಸಲೂ ಇಲ್ಲ.

"ಇದು ನೀವ ಆರಿಸಿದ್ದೇನು?" ಎಂದಳು ರಜನಿ.

"ಹೌದು."

"ಯಾವ ಬಿಳಿ ಇದು?"

ಅವನು ಚೌಕಟ್ಟನ್ನು ದಿಟ್ಟಿಸಿದ. ಸಂಜೆಯ ಬೆಳಕಿನಲ್ಲಿ ಅದು ಮೂರರಲ್ಲಿ ಯಾವುದಾದರೂ ಆಗಬಹುದಿತ್ತು.

ರಜನಿ ಬೆರಳೂರಿ ನೋಡಿದಳು. ತುದಿಗೆ ಬಿಳಿ ಹತ್ತಿತು. ಒರೆಸಿಕೊಳ್ಳಲು ಜಾಗ ಹುಡುಕಿದಳು. ಗೋಡೆ ಹೊಸದು, ಉಟ್ಟ ಸೀರೆಯೂ ಹೊಸದು. ಕೊನೆಗೆ ಆ ಕೈಯನ್ನು ಅವನತ್ತ ಚಾಚಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

ಕರವಸ್ತ್ರ ಕೊಡಬೇಕೋ, ಬೆರಳನ್ನೇ ಹಿಡಿದು ತನ್ನ ಧೋತರದ ಸೆರಗಿಗೆ ಒರೆಸಬೇಕೋ? ಗೊತ್ತಾಗುವ ಮೊದಲೇ ಅವನ ಕತ್ತು ತಾಯಿಗಾಗಿ ಅಡುಗೆಮನೆಯ ಕಡೆ ಹೊರಳಿತ್ತು. ಅಲ್ಲಿ ಯಾರೂ ಇರಲಿಲ್ಲ.

ಮತ್ತೆ ಇತ್ತ ತಿರುಗಿದಾಗ ರಜನಿ ಕೈ ಚಾಚಿಕೊಂಡೇ ನಿಂತಿದ್ದಳು, ಬೆರಳ ತುದಿಯ ಬಿಳಿ ಒಣಗುವುದನ್ನು ನೋಡುತ್ತ.