ಗಾಜಿನ ಬುರುಡೆಯ ಮಕ್ಕಳನ್ನು ಹೊರುವವರು

ಸಂಜೆಯೊಳಗೆ ಬಾಯಿ ಬಿಡದಿದ್ದರೆ ಲುಸುಬಿಲೊಳನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕುತ್ತಾರೆ. ಗುಂಪು ನಡೆಸುವ ಥೊಕೊ ಬೆಳಿಗ್ಗೆಯೇ ಸಾರಿಬಿಟ್ಟಿದ್ದಳು: "ಕದ್ದು ಕೇಳಿಸ್ಕೊಳ್ಳೋಕೆ ಇದು ಪಕ್ಕದ್ಮನೆ ಬೇಲಿ ಅಲ್ಲ ಕಣ್ರೇ. ಸುಮ್ನೆ ಕೂತೋರು ಇವತ್ತು ಮನೆಗೆ."

ಥೊಕೊ ಇರುವುದು ದೂರದ ಜೋಂಬಾ ಪಟ್ಟಣದಲ್ಲಿ. ವಾಟ್ಸಾಪಿನಲ್ಲಿ ಅವಳು ಕಟ್ಟಿದ ಗುಂಪಿನಲ್ಲಿ, ಹೆಂಗಸರು ಬರೆದ ನಾಳೆಯ ಲೋಕಗಳ ಕಥೆಗಳನ್ನು ಹೆಂಗಸರೇ ಬಿಡಿಸಿ ಹರಡುತ್ತಾರೆ, ಅದೂ ಬರೆದಲ್ಲ, ದನಿಯಲ್ಲಿ. ಪದವಿ ಮುಗಿಸಿ ಮ್ಜುಜು ಊರಿನ ಅಕ್ಕನ ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದ ಲುಸುಬಿಲೊ ಅವರಿಗೆಲ್ಲ ಒಳಗೊಳಗೇ ಉತ್ತರ ಕೊಡುತ್ತಿದ್ದಳು. ಒಂದೂ ಹೊರಗೆ ಬಂದಿರಲಿಲ್ಲ. ಆ ಗುಂಪೂ ಕೈಬಿಟ್ಟರೆ ಇಂಥ ಮಾತಿಗೆ ಊರಲ್ಲಿ ಇನ್ನೊಂದು ಜೀವ ಇರಲಿಲ್ಲ.

ಈ ಸಲದ ಕಥೆ ಥೊಕೊಳದೇ. ಆ ಲೋಕದಲ್ಲಿ ಮಕ್ಕಳು ತಾಯ ಹೊಟ್ಟೆಯ ಬದಲು ಗಾಜಿನ ಬುರುಡೆಗಳಲ್ಲಿ ಬಲಿಯುತ್ತವೆ. ಬಸುರಿನ ಹಂಗಿಲ್ಲದ ಹೆಂಗಸರು ನಕ್ಷತ್ರಗಳಿಗೆ ಹಡಗು ನಡೆಸುತ್ತಾರೆ. ಗುಂಪೆಲ್ಲ ಕುಣಿಯುತ್ತಿತ್ತು. ಅಕ್ಕನ ಮಗುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಮೀನು ಹುರಿಯುತ್ತಿದ್ದ ಲುಸುಬಿಲೊಗೆ ಮಾತ್ರ ಒಂದು ಪ್ರಶ್ನೆ ಕಾಡುತ್ತಿತ್ತು. ಒಲೆ ಆರಿಸಿ, ಫೋನಿನಲ್ಲಿ ದನಿ ಕಳಿಸುವ ಗುಂಡಿ ಒತ್ತಿ, ಒಂದೇ ಉಸಿರಿಗೆ ಅಂದುಬಿಟ್ಟಳು:

"ಬುರುಡೆಯಿಂದ ಹೊರಗೆ ಬಂದ್ಮೇಲೆ ಆ ಮಗೂನ ಬೆನ್ನಿಗೆ ಕಟ್ಕೊಳ್ಳೋರು ಯಾರು? ಪೂರ್ತಿ ಹುಡುಕಿದೆ, ಒಬ್ರ ಬೆನ್ನ ಮೇಲೂ ಮಗು ಇಲ್ಲ."

ಹೋಯಿತು. ಎಲ್ಲಿಗೆ ಹೋಯಿತೆಂದು ನೋಡಿದರೆ, ಚರ್ಚಿನಲ್ಲಿ ಹಾಡುವ ಹೆಂಗಸರ ಮೇಳದ ಗುಂಪಿಗೆ. ಅಳಿಸಬೇಕೆನ್ನುವಷ್ಟರಲ್ಲಿ ಮೇಳದ ಹಿರಿಯಳು ನ್ಯಾಗೊಂಡ್ವೆ ಕೇಳಿ ಆಗಿತ್ತು.

"ಯಾರ ಮಗು, ಬುರುಡೆಯಿಂದ ಬಂದಿದ್ದು? ಜ್ವರಗಿರ ಬಂದಿದ್ಯಾ ಹುಡುಗಿ?"

ಇಡೀ ಕಥೆ ಹೇಳದೆ ವಿಧಿಯಿರಲಿಲ್ಲ. ನಡುಗುತ್ತ ಶುರುವಾದ ದನಿ ಹಡಗು ಹಾರುವ ಹೊತ್ತಿಗೆ ಗಟ್ಟಿಯಾಗಿತ್ತು. ಆಮೇಲೆ ಒಂದರ ಹಿಂದೊಂದು ದನಿಗಳು ಬಂದು ಬಿದ್ದವು.

"ನನ್ನ ಐದು ಮಕ್ಕಳನ್ನೂ ಆ ಗಾಜಿಗೇ ಕೊಟ್ಬಿಡ್ತಿದ್ದೆ," ಎಂದಳು ಮೇಳದ ನ್ಯಾಮ್ಹಾಂಗೊ. "ಎಲ್ಲಿ ಸಿಗುತ್ತೆ ಕೇಳಿ ಹೇಳು."

"ಹೆತ್ತಿದ್ದು ಒಂದಿನ, ಹೊತ್ತಿದ್ದು ವರ್ಷಗಟ್ಲೆ. ಹುಡುಗಿ ಸರಿಯಾಗೇ ಕೇಳಿದಾಳೆ," ಎಂದಿತು ಇನ್ನೊಂದು ದನಿ.

ನ್ಯಾಗೊಂಡ್ವೆ ಕೆಮ್ಮಿದಳು. "ಆ ಲೋಕದಲ್ಲಿ ಗಂಡಸ್ರು ಇದಾರಾ?"

"ಇದಾರೆ ಅಮ್ಮಾ."

"ಅವರಿಗೆ ಬೆನ್ನಿದ್ಯಾ?"

ನಗು ಉಕ್ಕಿ ಹರಿಯಿತು. ಲುಸುಬಿಲೊ ತಾನೂ ನಕ್ಕಳು. ಇಷ್ಟು ದಿನ ಈ ಮಾತಿಗೆ ಜನವೇ ಇಲ್ಲವೆಂದುಕೊಂಡಿದ್ದಳಲ್ಲ.

"ಅಮ್ಮಾ, ನಿಮ್ಮ ಮಾತನ್ನ ಆ ಕಥೆ ಗುಂಪಿನೋರಿಗೆ ಕಳಿಸ್ಲಾ?"

"ನಮ್ದ್ಯಾಕೆ? ನಿನಗೇನು ಬಾಯಿ ಬಿದ್ದೋಗಿದ್ಯಾ? ನೀನೇ ಹೇಳು. ಅವರೇನಂದ್ರು ಅಂತ ಬಂದು ಹೇಳ್ಬೇಕು ಮತ್ತೆ."

ಈ ಸಲ ಗುಂಪಿನ ಹೆಸರನ್ನು ಎರಡೆರಡು ಸಲ ಓದಿಕೊಂಡು ಥೊಕೊಳ ಗುಂಪಿಗೇ ಹೇಳಿದಳು, ಕೊನೆಗೆ ಗಂಡಸರ ಬೆನ್ನಿನ ಪ್ರಶ್ನೆಯನ್ನೂ ಸೇರಿಸಿ. ಬಿಸಿಲು ಬಾಗಿಲು ದಾಟುತ್ತಿತ್ತು. ಥೊಕೊ ಅದನ್ನು ಕೇಳಿಸಿಕೊಂಡ ಗುರುತು ಫೋನಿನಲ್ಲಿ ಮೂಡಿತು.

ಆಮೇಲೆ ಥೊಕೊಳ ದನಿ, ಮೆಲ್ಲಗೆ: "ಇಷ್ಟು ದಿನ ಎಲ್ಲಿದ್ದೆ ಮಾರಾಯ್ತಿ? ಬರೆದೋಳು ನಾನು, ನನಗೇ ಹೊಳೀಲಿಲ್ಲ. ಹೊರೋಕೆ ಒಂದು ಯಂತ್ರ ಇಟ್ಬಿಡ್ಲಾ?"

ಲುಸುಬಿಲೊ ಮಗುವನ್ನು ಮೇಲಕ್ಕೆ ಜಗ್ಗಿಕೊಂಡು ಆಗಲೇ ಗುಂಡಿ ಒತ್ತಿದ್ದಳು. "ಬೇಡ. ಯಂತ್ರ ಇಟ್ರೆ ಗಂಡಸ್ರು ಮತ್ತೆ ತಪ್ಪಿಸ್ಕೊತಾರೆ. ಹಡಗಿನ ಅಡುಗೆಮನೆಯಲ್ಲಿ ಒಬ್ಬನ್ನ ಸುಮ್ನೆ ಕೂರಿಸಿದೀಯಲ್ಲ, ಅವನಿಂದ ಶುರು ಮಾಡೋಣ. ಮೊದಲು ಬಟ್ಟೆ ಕಟ್ಟೋದು ಕಲೀಲಿ. ಕೇಳು, ಹೇಳ್ತೀನಿ..."